ಉದ್ಯಾನದಲ್ಲಿ ಹಾಕಿದ ಪಂಕ್ತಿ: ಗುಜರಾತಿನ ವಿಹಾರತಾಣಗಳ ಭೋಜನ ಪರಂಪರೆ

ಒಂದು ಕಥೆಯನ್ನೋ ಒಂದು ಕಾಲವನ್ನೋ ಒಂದು ಊರಿನ ಬದುಕನ್ನೋ ಆಧಾರವಾಗಿಟ್ಟುಕೊಂಡು ಕಟ್ಟಿದ ಮನರಂಜನೆಯ ಉದ್ಯಾನಕ್ಕೆ ಇಂದು ಥೀಮ್ ಪಾರ್ಕ್ ಎಂಬ ಹೆಸರಿದೆ. ಅದಕ್ಕೆ ವಸತಿಯ ಏರ್ಪಾಡು ಸೇರಿದಾಗ ಅದು ರೆಸಾರ್ಟ್ ಆಗುತ್ತದೆ. ಹಸಿವು ತಣಿಸುವುದಷ್ಟೇ ಗುರಿಯಾಗದೆ, ಬಡಿಸುವ ಕ್ರಮ, ಪಾತ್ರೆ, ಬೆಳಕು, ಸಂಗೀತ, ಅತಿಥಿಯನ್ನು ಬರಮಾಡಿಕೊಳ್ಳುವ ರೀತಿ ಇವೆಲ್ಲವೂ ಊಟದ ಅಂಗಗಳಾಗುವ ಭೋಜನಶಾಲೆಯನ್ನು ಫೈನ್ ಡೈನಿಂಗ್ ರೆಸ್ಟೋರೆಂಟ್ ಎನ್ನುತ್ತಾರೆ. ಈ ಎರಡರ ಕೂಡುವಿಕೆಯ ಕಥೆಯನ್ನು ಸಾಮಾನ್ಯವಾಗಿ ಪಶ್ಚಿಮದ ಘಟನೆಗಳಿಂದ ಆರಂಭಿಸುವುದು ರೂಢಿ. 18ನೆಯ ಶತಮಾನದ ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ದೀಪಮಾಲೆಗಳ ನಡುವೆ ರಾತ್ರಿಯೂಟಕ್ಕಾಗಿ ಚಿಕ್ಕ ಮಂಟಪಗಳನ್ನು ಕಟ್ಟಿದ್ದರು. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. 1967ರಲ್ಲಿ ಅದರೊಳಗೆ, ಕಡಲ್ಗಳ್ಳರ ಕಥೆಯ ಜಲವಿಹಾರದ ದಡದಲ್ಲಿ, ಬ್ಲೂ ಬಯೂ ಎಂಬ ಭೋಜನಶಾಲೆ ಆರಂಭವಾಯಿತು. 1988ರಲ್ಲಿ ಫ್ಲಾರಿಡಾದ ಡಿಸ್ನಿ ವಿಹಾರತಾಣದಲ್ಲಿ ತೆರೆದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಎಂಬ ರೆಸ್ಟೋರೆಂಟ್, ಪಾಕಶ್ರೇಷ್ಠತೆಗೆ ಜಗತ್ತು ಮನ್ನಿಸುವ ಮಿಶೆಲಿನ್ ನಕ್ಷತ್ರವನ್ನು 2024ರಲ್ಲಿ ಪಡೆಯಿತು.

ಆದರೆ ವಿಹಾರಕ್ಕೆಂದೇ ರೂಪಿಸಿದ ನೆಲದಲ್ಲಿ, ಕೃತಕವಾಗಿ ನಿರ್ಮಿಸಿದ ಸೊಬಗಿನ ನಡುವೆ, ಕ್ರಮಬದ್ಧವಾದ ಭೋಜನವನ್ನು ಏರ್ಪಡಿಸುವ ಪದ್ಧತಿಗೆ ಗುಜರಾತಿನಲ್ಲಿ ಇದಕ್ಕಿಂತ ಬಹಳ ಹಳೆಯ ಬೇರುಗಳಿವೆ. ಅಹಮದಾಬಾದಿನ ಸುಲ್ತಾನರ ಕೆರೆ, ಮೊಗಲ್ ಸರದಾರರ ತೋಟ, ಸೂರತ್ತಿನ ವಿದೇಶಿ ವರ್ತಕರ ಭೋಜನಮಂದಿರ, ವಡೋದರಾದ ಮಹಾರಾಜರ ಉದ್ಯಾನ ಮತ್ತು 1978ರಲ್ಲಿ ಅಹಮದಾಬಾದಿನ ಅಂಚಿನಲ್ಲಿ ಹುಟ್ಟಿದ ವಿಶಾಲಾ ಎಂಬ ಹಳ್ಳಿಯ ಮಾದರಿಯ ಭೋಜನತಾಣ, ಇವುಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉದ್ಯಾನದ ಊಟದ ಇತಿಹಾಸವು ಭಕ್ಷ್ಯಗಳ ಇತಿಹಾಸವಾಗಿರುವಷ್ಟೇ ಪಂಕ್ತಿಯ ಇತಿಹಾಸವೂ ಹೌದು: ಯಾರು ಕೂರಬಹುದು, ಯಾರು ಬಡಿಸಬೇಕು, ಯಾವ ಪಾತ್ರೆಯಲ್ಲಿ ಯಾರ ಆಹಾರವನ್ನು ಗೌರವದಿಂದ ಇಡಬೇಕು ಎಂಬ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಅದರ ತಿರುಳು.

ಅಹಮದಾಬಾದಿನ ಕಾಂಕರಿಯಾ ಕೆರೆಯನ್ನು ಸುಲ್ತಾನ್ ಕುತುಬುದ್ದೀನ್ ಅಹಮದ್ ಶಾಹನ ಕಾಲದಲ್ಲಿ, 1451ರಲ್ಲಿ, ಪೂರ್ಣಗೊಳಿಸಲಾಯಿತು. ಹೌಜ್-ಎ-ಕುತುಬ್, ಅಂದರೆ ಕುತುಬನ ಕೊಳ, ಎಂದು ಕರೆಸಿಕೊಂಡ ಈ ಬಹುಭುಜಾಕೃತಿಯ ಜಲಾಶಯಕ್ಕೆ ಸುತ್ತಲೂ ಕಲ್ಲಿನ ಮೆಟ್ಟಿಲುಗಳಿದ್ದು, ನಟ್ಟನಡುವೆ ನಗೀನಾ ವಾಡಿ ಎಂಬ ನಡುಗಡ್ಡೆಯ ತೋಟವೂ ಅಲ್ಲಿಗೆ ಹೋಗಲು ಕಿರಿದಾದ ಸೇತುವೆಯಂಥ ದಾರಿಯೂ ಇದ್ದವು. ನೀರಿನ ತಂಪು, ಮರದ ನೆರಳು, ಊರಿನ ಗದ್ದಲದಿಂದ ದೂರವೆನಿಸುವ ಏಕಾಂತ ಇವುಗಳನ್ನು ಒಟ್ಟುಗೂಡಿಸಿ, ಧೂಳಿನ ಬಯಲಿನಲ್ಲಿ ಬೇರೆಯೇ ಒಂದು ಲೋಕವನ್ನು ತೋರಿಸುವುದು ಅದರ ವಿನ್ಯಾಸದ ಉದ್ದೇಶವಾಗಿತ್ತು. ಅದೇ ಕೆರೆಯ ದಂಡೆ 2008ರಲ್ಲಿ ನವೀಕರಣಗೊಂಡು, ಆಟದ ರೈಲು, ಮೃಗಾಲಯ, ತಿನಿಸಿನ ಅಂಗಡಿಗಳಿರುವ ಮನರಂಜನಾ ತಾಣವಾಗಿ ಇಂದಿಗೂ ಜನರನ್ನು ಸೆಳೆಯುತ್ತಿರುವುದರಿಂದ, ಐದೂವರೆ ಶತಮಾನಗಳಿಗೂ ಮಿಕ್ಕಿದ ಒಂದು ನಿರಂತರತೆಯನ್ನು ಒಂದೇ ಸ್ಥಳದಲ್ಲಿ ಕಾಣಬಹುದು.

ಊರಿನ ನೈರುತ್ಯಕ್ಕೆ, ಸರ್ಖೇಜಿನ ಸಮೀಪ, ಮೊಗಲ್ ಸೇನಾಪತಿ ಅಬ್ದುಲ್ ರಹೀಮ್ ಖಾನ್-ಇ-ಖಾನಾನ್ 1584ರಲ್ಲಿ ಗುಜರಾತಿನ ಕೊನೆಯ ಸುಲ್ತಾನ ಮೂರನೆಯ ಮುಜಫರನನ್ನು ಸೋಲಿಸಿದ ನೆನಪಿಗೆ ಫತೇ ಬಾಗ್, ಅಂದರೆ ವಿಜಯದ ತೋಟ, ಎಂಬ ಉದ್ಯಾನವನ್ನು ಮಾಡಿಸಿದನು. 1618ರಲ್ಲಿ ಜಹಾಂಗೀರ್ ಬಾದಶಹನು ಅಹಮದಾಬಾದಿಗೆ ಬಂದಾಗ ಖಾನ್-ಇ-ಖಾನಾನನ ಮಗಳು ಖೈರುನ್ನಿಸಾ ಬೇಗಮ್ ಈ ತೋಟದಲ್ಲಿ ಅವನಿಗೆ ಔತಣವನ್ನು ಏರ್ಪಡಿಸಿದಳು. ಎಲೆ ಉದುರುವ ಕಾಲವಾದ್ದರಿಂದ ಮರಗಳು ಬೋಳಾಗಿದ್ದುವೆಂದೂ, ಬೇಗಮಳು ಊರಿನ ಕುಶಲಕರ್ಮಿಗಳನ್ನು ಕರೆಸಿ ಬಣ್ಣದ ಕಾಗದ ಮತ್ತು ಮೇಣಗಳಿಂದ ಎಲೆ, ಹೂವು, ಹಣ್ಣುಗಳನ್ನು ಮಾಡಿಸಿ ಕೊಂಬೆಕೊಂಬೆಗೂ ಕಟ್ಟಿಸಿದಳೆಂದೂ, ಬಾದಶಹನು ಅವನ್ನು ನಿಜವೆಂದೇ ಭ್ರಮಿಸಿ ಕೀಳಲು ಕೈಚಾಚಿದನೆಂದೂ ಗುಜರಾತಿನ ವೃತ್ತಾಂತಗಳು ಹೇಳುತ್ತವೆ. ಅತಿಥಿಯ ಸಂತೋಷಕ್ಕಾಗಿ ಋತುವನ್ನೇ ಬದಲಿಸಿ ತೋರಿಸುವ ಈ ಕಲೆ, ಇಂದಿನ ಥೀಮ್ ಪಾರ್ಕುಗಳು ಪ್ಲಾಸ್ಟಿಕ್ಕು, ಸಿಮೆಂಟು, ವಿದ್ಯುದ್ದೀಪಗಳಿಂದ ಸಾಧಿಸುವ ಭ್ರಮಾಲೋಕದ ಪೂರ್ವರೂಪವೇ ಆಗಿದೆ. ಆದರೆ ಆ ಪಂಕ್ತಿಯಲ್ಲಿ ಸ್ಥಾನವಿದ್ದುದು ದೊರೆಗೆ ಮತ್ತು ಅವನ ಪರಿವಾರಕ್ಕೆ ಮಾತ್ರ; ಕಾಗದದ ಎಲೆ ಕತ್ತರಿಸಿದವರು ತೋಟದ ಕೆಲಸಗಾರರಾಗಿಯೇ ಉಳಿದರು.

ಅದೇ ಭೇಟಿಯ ಕಾಲದ ಇನ್ನೊಂದು ಸಂಗತಿಯನ್ನು ಜಹಾಂಗೀರನು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಗುಜರಾತಿನ ಜನ ಸಜ್ಜೆ ಮತ್ತು ಬೇಳೆಕಾಳನ್ನು ಕೂಡಿಸಿ ಬೇಯಿಸುವ ಖಿಚಡಿಯನ್ನು ಅವನು ತರಿಸಿ ಉಂಡು, ರುಚಿಯೆನಿಸಿದ್ದರಿಂದ, ತಾನು ಮಾಂಸವನ್ನು ವರ್ಜಿಸುವ ದಿನಗಳಲ್ಲಿ ಅದನ್ನು ಮತ್ತೆ ಮತ್ತೆ ಬಡಿಸಬೇಕೆಂದು ಅಪ್ಪಣೆ ಕೊಟ್ಟನು. ಈ ನೆಲದ ಧೂಳನ್ನು ಸಹಿಸಲಾರದೆ ಅಹಮದಾಬಾದನ್ನು ಗರ್ದಾಬಾದ್, ಅಂದರೆ ಧೂಳಿನ ಊರು, ಎಂದು ಹೀಗಳೆದ ಅರಸನು ಅದೇ ಧೂಳಿನಲ್ಲಿ ಬೆಳೆಯುವ ಒಕ್ಕಲಿನ ಧಾನ್ಯವನ್ನು ತನ್ನ ತಾಟಿಗೆ ಬರಮಾಡಿಕೊಂಡದ್ದು ಗಮನಾರ್ಹ. ಹಳ್ಳಿಯ ಊಟವು ಅರಮನೆಯ ಮರ್ಯಾದೆಗೆ ಅರ್ಹವೆಂಬ ಮನ್ನಣೆ ಹೀಗೆ ಒಮ್ಮೆ ದೊರೆಯಿತಾದರೂ, ಅದು ಹಣತೆತ್ತು ಉಣ್ಣುವವರ ಭೋಜನಶಾಲೆಯ ಹೆಮ್ಮೆಯಾಗಲು ಮೂರೂವರೆ ಶತಮಾನಗಳೇ ಬೇಕಾದವು.

ಸೂರತ್ತಿನ ಕಥೆ ಇದಕ್ಕಿಂತ ಭಿನ್ನ. ತಾಪಿ ನದಿಯ ದಡದ ಈ ಬಂದರು ಮೊಗಲ್ ಸಾಮ್ರಾಜ್ಯದ ಮುಖ್ಯ ಕಡಲಬಾಗಿಲಾಗಿತ್ತು. ಹಜ್ ಯಾತ್ರಿಕರೂ ಅರಬ್, ಪರ್ಷಿಯನ್, ಆರ್ಮೇನಿಯನ್ ವರ್ತಕರೂ ಇಲ್ಲಿಂದಲೇ ಹಡಗು ಹತ್ತುತ್ತಿದ್ದರು. 1612ರಲ್ಲಿ ಸುವಾಲಿಯ ಕಡಲಲ್ಲಿ ಪೋರ್ಚುಗೀಸರನ್ನು ಎದುರಿಸಿ ಗೆದ್ದ ಇಂಗ್ಲಿಷರು ಮರುವರ್ಷ ಜಹಾಂಗೀರನ ಫರ್ಮಾನು ಪಡೆದು ಇಲ್ಲಿ ಫ್ಯಾಕ್ಟರಿಯನ್ನು ಸ್ಥಾಪಿಸಿದರು. ಅಂದಿನ ಫ್ಯಾಕ್ಟರಿಯೆಂದರೆ ಕಾರ್ಖಾನೆಯಲ್ಲ, ವರ್ತಕರೂ ಅವರ ಗುಮಾಸ್ತರೂ ಒಂದೇ ಸೂರಿನಡಿ ಉಳಿದು ವ್ಯಾಪಾರ ನಡೆಸುವ ಕೋಠಿ. ಅಲ್ಲಿ ಎಲ್ಲರೂ ಹುದ್ದೆಯ ಹಿರಿತನಕ್ಕೆ ತಕ್ಕ ಸ್ಥಾನದಲ್ಲಿ ಒಂದೇ ಮೇಜಿಗೆ ಕೂತು ಉಣ್ಣುವುದು ನಿಯಮವಾಗಿತ್ತು. 1638ರಲ್ಲಿ ಬಂದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋ, ದಿನನಿತ್ಯದ ಕೂಟಗಳಲ್ಲಿ ಅವರು ಚಹಾ ಕುಡಿಯುತ್ತಿದ್ದುದನ್ನೂ, ಭಾನುವಾರದ ಪ್ರಾರ್ಥನೆಯ ನಂತರ ಊರ ಹೊರಗಿನ ತಮ್ಮ ಚೆಲುವಾದ ತೋಟಕ್ಕೆ ವಿಹಾರ ಹೋಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ.

ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್‌ಟನ್ 1689ರ ತನ್ನ ಸೂರತ್ ಯಾತ್ರೆಯ ಕುರಿತು ಬರೆದು 1696ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪಂಕ್ತಿಯ ವಿವರಗಳು ಇನ್ನಷ್ಟು ಸಮೃದ್ಧವಾಗಿವೆ. ಫ್ಯಾಕ್ಟರಿಯ ಅಡುಗೆಮನೆಯಲ್ಲಿ ಇಂಗ್ಲಿಷ್, ಪೋರ್ಚುಗೀಸ್ ಮತ್ತು ಭಾರತೀಯ ಬಾಣಸಿಗರು ಮೂವರೂ ಇದ್ದು, ಪ್ರತಿಯೊಬ್ಬ ಉಣ್ಣುವವನ ನಾಲಿಗೆಗೂ ಒಗ್ಗುವ ಅಡುಗೆಯನ್ನು ಸಿದ್ಧಪಡಿಸುತ್ತಿದ್ದರು. ಮೇಜಿಗೆ ಬರುವ ತಟ್ಟೆಗಳೆಲ್ಲ ದಪ್ಪ ಬೆಳ್ಳಿಯವು. ಊಟದ ಮೊದಲೂ ಕೊನೆಗೂ ಒಬ್ಬ ಜವಾನನು ಬೆಳ್ಳಿಯ ಗಿಂಡಿ ಮತ್ತು ಬೋಗುಣಿ ಹಿಡಿದು ಬಂದು ಎಲ್ಲರ ಕೈಗೆ ನೀರು ಹನಿಸುತ್ತಿದ್ದನು. ಅಕ್ಕಿ ಮತ್ತು ಮಾಂಸದ ಪಿಲಾವು, ಉಪ್ಪು, ಮೆಣಸು, ಬೆಳ್ಳುಳ್ಳಿ ಸವರಿ ಸಲಾಕೆಯಲ್ಲಿ ಸುಟ್ಟ ಕಬಾಬು, ಬಾದಾಮಿ ದ್ರಾಕ್ಷಿ ತುಂಬಿ ಬೆಣ್ಣೆಯಲ್ಲಿ ಬೇಯಿಸಿದ ದಮ್‌ಪುಖ್ತ್ ಕೋಳಿ ಮುಂತಾದ ಇಲ್ಲಿಯ ಭಕ್ಷ್ಯಗಳಿಗೆ ಪರ್ಷಿಯಾದ ಶೀರಾಜಿನ ದ್ರಾಕ್ಷಾರಸವೂ ಅರಕ್ಕೂ ಜೊತೆಯಾಗುತ್ತಿದ್ದವು. ಹಬ್ಬದ ದಿನಗಳಲ್ಲಿ ಅಧ್ಯಕ್ಷನು ಇಡೀ ಫ್ಯಾಕ್ಟರಿಯನ್ನು ಊರ ಸಮೀಪದ ತೋಟಕ್ಕೆ ಆಹ್ವಾನಿಸುತ್ತಿದ್ದನು. ಧ್ವಜಗಳೂ ಬೆಳ್ಳಿಯ ಸಜ್ಜು ತೊಡಿಸಿದ ಕುದುರೆಗಳೂ ಎತ್ತಿನ ಬಂಡಿಗಳೂ ಸಾಗುವ ಮೆರವಣಿಗೆಯಲ್ಲಿ ಹೋಗಿ, ಕೊಳ ಮತ್ತು ಕಾರಂಜಿಗಳ ತಂಪಿನಲ್ಲಿ ಬಿಸಿಲು ತಾಗದಂತೆ ಕೂತು ಅವರು ದಿನ ಕಳೆಯುತ್ತಿದ್ದರು. ಇಂದಿನ ರೆಸಾರ್ಟ್ ಭೋಜನದ ಬಹುಪಾಲು ಅಂಗಗಳು, ಅಂದರೆ ಹಲವು ದೇಶಗಳ ಪಾಕ, ಬೆಲೆಬಾಳುವ ಪಾತ್ರೆ, ಕೈತೊಳೆಸುವ ಉಪಚಾರ, ನೀರಿನ ಬದಿಯ ಆಸನ, ಎಲ್ಲವೂ ಇಲ್ಲಿ ಆಗಲೇ ಒಂದುಗೂಡಿದ್ದವು. ಆದರೆ ಈ ಪಂಕ್ತಿ ಮುಚ್ಚಿದ ಪಂಕ್ತಿಯಾಗಿತ್ತು: ಫ್ಯಾಕ್ಟರಿಯ ವ್ಯಾಪಾರಕ್ಕೆ ಆಧಾರವಾಗಿದ್ದ ಬನಿಯಾ ದಲ್ಲಾಳಿಗಳನ್ನು ಅವರ ಆಚಾರವೇ ಈ ಮೇಜಿನಿಂದ ದೂರವಿಟ್ಟಿದ್ದರೆ, ಅಡುಗೆಯವರನ್ನೂ ಜವಾನರನ್ನೂ ಅವರ ದುಡಿಮೆಯ ಸ್ಥಾನ ದೂರವಿಟ್ಟಿತ್ತು.

ಊರಿನ ಜನರಾದರೋ ತಮ್ಮದೇ ಆದ ಬಯಲೂಟದ ಪದ್ಧತಿಯನ್ನು ಬೆಳೆಸಿಕೊಂಡರು. ಊಟಕ್ಕೆ ಸೂರತ್, ಮರಣಕ್ಕೆ ಕಾಶಿ ಎಂಬರ್ಥದ ಗುಜರಾತಿ ಗಾದೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಸೂರ್ತಿಗಳು, ಅಂದರೆ ಸೂರತ್ತಿನವರು, ಶರತ್ ಹುಣ್ಣಿಮೆಯ ಮರುದಿನ ಬರುವ ಚಂದಿ ಪಡವೋ ಹಬ್ಬದಲ್ಲಿ, ಖೋವಾ ತುಂಬಿ ತುಪ್ಪದಲ್ಲಿ ಅದ್ದಿದ ಘಾರಿ ಎಂಬ ಸಿಹಿಯನ್ನೂ ಭೂಸು ಎಂಬ ಖಾರದ ತಿನಿಸನ್ನೂ ಕಟ್ಟಿಕೊಂಡು ರಸ್ತೆಬದಿಗೆ, ಬಯಲಿಗೆ, ಕಡಲತೀರದ ಡುಮಸ್‌ನ ಕಡೆಗೆ ಮನೆಮಂದಿಯೊಂದಿಗೆ ಹೊರಟು ಬೆಳದಿಂಗಳಲ್ಲಿ ಕೂತು ತಿನ್ನುತ್ತಾರೆ. ಚಳಿಗಾಲದಲ್ಲಿ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಕಾಳನ್ನು ಪೋಂಕ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಸೀತನಿಯೆಂದು ಹೆಸರಾದ ಅದೇ ತಿನಿಸು, ಇಲ್ಲಿ ನಿಂಬೆ ಮತ್ತು ಕರಿಮೆಣಸಿನ ಸೇವು, ಮಜ್ಜಿಗೆಗಳೊಂದಿಗೆ ಗೆಳೆಯರ ಕೂಟಕ್ಕೆ ಕಾರಣವಾಗುತ್ತದೆ. ಡಚ್ಚರ ಬೇಕರಿಯಲ್ಲಿ ಕೆಲಸ ಕಲಿತ ಪಾರ್ಸಿಗಳ ಪರಂಪರೆಯಿಂದ ಬಂದ ದೋತಿವಾಲಾ ಬೇಕರಿಯ ಬಟಾಸಾ ಮತ್ತು ನಾನ್‌ಖಟಾಯಿಗಳು ವಿದೇಶಿ ಮೇಜಿನ ರುಚಿಯನ್ನು ಊರಿನ ಬೀದಿಗೆ ಇಳಿಸಿದವು. ಈ ಕೂಟಗಳಲ್ಲಿ ಬೆಳ್ಳಿಯ ಗಿಂಡಿಯಿರಲಿಲ್ಲ. ಆದರೆ ಋತುವಿಗೂ ಊಟಕ್ಕೂ ಇರುವ ನಂಟು, ಹೊರಗೆ ಕೂತು ಹಂಚಿ ತಿನ್ನುವ ಸಡಗರ ಮಾತ್ರ ಅರಮನೆಯ ತೋಟದಷ್ಟೇ ನಿಜವಾಗಿತ್ತು.

19ನೆಯ ಶತಮಾನದ ಕೊನೆಯಲ್ಲಿ ಉದ್ಯಾನದ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ವಡೋದರಾದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ, 1879ರಲ್ಲಿ, ವಿಶ್ವಾಮಿತ್ರಿ ನದಿಯ ದಡದ ಕಮಾಟಿ ಬಾಗ್ ಜನರ ಉದ್ಯಾನವಾಯಿತು. ಊರಿಗೆ ಕುಡಿಯುವ ನೀರೊದಗಿಸಲು ಅವರು ಕಟ್ಟಿಸಿದ ಅಜ್ವಾ ಜಲಾಶಯದ ಕೆಳಗೆ ಮುಂದೆ ಮೈಸೂರಿನ ಬೃಂದಾವನದ ಮಾದರಿಯಲ್ಲಿ ಕಾರಂಜಿ ಮತ್ತು ದೀಪಗಳ ಉದ್ಯಾನ ರೂಪುಗೊಂಡಿತು. ಅದರ ನೆರೆಯಲ್ಲೇ ಇಂದು ಮನರಂಜನಾ ಪಾರ್ಕೂ ಇದೆ. ಆ ಮಾದರಿಯ ಮೂಲದಲ್ಲಿ, ಅಂದರೆ ಕೃಷ್ಣರಾಜಸಾಗರದ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ಬೃಂದಾವನವು ಅರಳಿದಾಗ ಕಾರಂಜಿಗಳಿಗೆ ಎದುರಾಗಿ ಒಂದು ಹೋಟೆಲೂ ಎದ್ದು ನಿಂತಿತೆಂಬುದನ್ನು ಕನ್ನಡಿಗರು ಬಲ್ಲರು. ವಿಹಾರದ ಉದ್ಯಾನ, ವಸತಿ, ಕ್ರಮಬದ್ಧ ಭೋಜನ ಇವು ಮೂರೂ ಒಂದೆಡೆ ಸೇರಿದ ರೆಸಾರ್ಟ್ ಪದ್ಧತಿಗೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಹಳೆಯ ನಿದರ್ಶನ ಸಿಗಲಾರದು.

ಆದರೆ ಉದ್ಯಾನದ ಬಾಗಿಲು ತೆರೆದ ಮಾತ್ರಕ್ಕೆ ಪಂಕ್ತಿ ತೆರೆಯಲಿಲ್ಲ. ಹೊರಗೆ ಉಣ್ಣುವುದೆಂದರೆ ಯಾರು ಬೇಯಿಸಿದ್ದು, ಯಾರ ಪಕ್ಕ ಕೂತದ್ದು ಎಂಬ ಜಾತಿಯ ಪ್ರಶ್ನೆಗಳನ್ನು ಎದುರಿಸಬೇಕಿದ್ದ ಸಮಾಜದಲ್ಲಿ, ಮನೆಯಿಂದ ದೂರ ದುಡಿಯುವವರಿಗೆ ಊಟ ಹಾಕುವ ವೀಶಿ, ಅಂದರೆ ಗುಜರಾತಿನ ಖಾನಾವಳಿ, ಅನಿವಾರ್ಯತೆಯಿಂದ ಬೆಳೆಯಿತೇ ಹೊರತು ಸಂಭ್ರಮದಿಂದಲ್ಲ. ಇದಕ್ಕೆ ಇನ್ನೊಂದು ಸಂಗತಿಯೂ ಕೂಡಿಕೊಂಡಿತು. 1949ರ ಮುಂಬಯಿ ಪಾನನಿರೋಧ ಕಾಯಿದೆಯನ್ನು 1960ರ ಮೇ 1ರಂದು ಹುಟ್ಟಿದ ಗುಜರಾತ್ ರಾಜ್ಯವು ಮುಂದುವರಿಸಿಕೊಂಡು ಬಂದಿತು; 2023ರ ಕೊನೆಯಲ್ಲಿ ಗಾಂಧಿನಗರದ ಬಳಿಯ ಗಿಫ್ಟ್ ಸಿಟಿಗೆ ಸೀಮಿತ ಸಡಿಲಿಕೆ ದೊರೆತರೂ ಕಾಯಿದೆ ಉಳಿದಿದೆ. ಪಶ್ಚಿಮದಲ್ಲಿ ದುಬಾರಿ ಭೋಜನಶಾಲೆಯ ಪ್ರತಿಷ್ಠೆಗೂ ಆದಾಯಕ್ಕೂ ದ್ರಾಕ್ಷಾರಸವೇ ದೊಡ್ಡ ಆಧಾರವಾಗಿದ್ದರೆ, ಗುಜರಾತಿನಲ್ಲಿ ಊಟದ ಗೌರವವನ್ನು ಬೇರೆ ಸಾಧನಗಳಿಂದಲೇ ಕಟ್ಟಬೇಕಾಯಿತು: ತಾಟಿನಲ್ಲಿ ತುಂಬುವ ಬಗೆಬಗೆಯ ಪದಾರ್ಥ, ಸಾಕೆನ್ನುವವರೆಗೂ ಬಡಿಸುವ ಒತ್ತಾಯ, ಮಜ್ಜಿಗೆ, ಪಾತ್ರೆಯ ಹೊಳಪು ಮತ್ತು ಪರಿಸರದ ಸೊಗಸು.

ಈ ಹಿನ್ನೆಲೆಯಲ್ಲಿ ವಿಶಾಲಾದ ಹುಟ್ಟನ್ನು ನೋಡಬೇಕು. ಒಳಾಂಗಣ ವಿನ್ಯಾಸಕಾರರಾದ ಸುರೇಂದ್ರ ಪಟೇಲ್ ಅವರು 1978ರಲ್ಲಿ ಅಹಮದಾಬಾದಿನ ವಾಸಣಾದ ಬಳಿ, ಸರ್ಖೇಜಿನತ್ತ ಸಾಗುವ ದಾರಿಯಲ್ಲಿ, ಗುಜರಾತಿನ ಹಳ್ಳಿಯನ್ನೇ ಮಾದರಿಯಾಗಿಟ್ಟುಕೊಂಡು ಈ ಭೋಜನತಾಣವನ್ನು ನಿರ್ಮಿಸಿದರು. ಮಣ್ಣಿನ ಗೋಡೆಗಳು, ಸಾರಿಸಿದ ನೆಲ, ಕಾಯುವವರಿಗೆ ಹೊರಸು, ಕಂದೀಲಿನ ಬೆಳಕು. ಕುಂಬಾರನ ಚಕ್ರ, ಬೊಂಬೆಯಾಟ, ಜಾನಪದ ಹಾಡು. ನೆಲದಲ್ಲಿ ಕೂತವರ ಮುಂದೆ ಗಿಡ್ಡನೆಯ ಮಣೆ, ಅದರ ಮೇಲೆ ಎಲೆಯ ಪತ್ರಾವಳಿ, ಕುಡಿಯಲು ಮಣ್ಣಿನ ಲೋಟ. ಬಡಿಸುವುದು ಸಜ್ಜೆಯ ರೊಟ್ಲೊ, ಬೆಣ್ಣೆ, ಬೆಲ್ಲ, ಚಟ್ನಿ, ಖಿಚಡಿ, ಕಢಿ. ನಗರದ ಸಿರಿವಂತಿಕೆಯು ಕುರ್ಚಿ, ಮೇಜು, ಚಮಚ, ವಿದ್ಯುದ್ದೀಪಗಳನ್ನೇ ಭೋಜನಗೌರವದ ಗುರುತುಗಳೆಂದು ನಂಬಿದ್ದ ಕಾಲದಲ್ಲಿ, ಆ ಗುರುತುಗಳನ್ನೆಲ್ಲ ತೆಗೆದುಹಾಕಿ, ಸಾಮಾನ್ಯ ಒಕ್ಕಲಿನ ಸಂಜೆಯೂಟವನ್ನೇ ಬೆಲೆಯುಳ್ಳ ಔತಣವನ್ನಾಗಿ ಮುಂದಿಟ್ಟದ್ದು ನಿಜವಾದ ಹೊಸತನವಾಗಿತ್ತು. ಖೈರುನ್ನಿಸಾ ಬೇಗಮಳ ತೋಟ ಇಲ್ಲದ ವಸಂತವನ್ನು ಕಾಗದದಿಂದ ಸೃಷ್ಟಿಸಿತ್ತು. ವಿಶಾಲಾ, ಇದ್ದೂ ಕಣ್ಮರೆಯಾಗುತ್ತಿದ್ದ ಬದುಕನ್ನು ಮಣ್ಣಿನಿಂದ ಕಟ್ಟಿ ತೋರಿಸಿತು.

ಇದರ ಅಂಗಳದಲ್ಲೇ 1981ರಲ್ಲಿ ಆರಂಭವಾದ ವೇಚಾರ್ ಪಾತ್ರೆಗಳ ವಸ್ತುಸಂಗ್ರಹಾಲಯ ಈ ಪ್ರಯತ್ನದ ಆಳವನ್ನು ತೋರಿಸುತ್ತದೆ. ಸ್ಟೀಲಿನ ಪಾತ್ರೆಗಳು ಅಡುಗೆಮನೆಗಳನ್ನು ಆವರಿಸುತ್ತಿದ್ದಂತೆ ತಲೆತಲಾಂತರದ ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಬಿದ್ದು ಕರಗಿಹೋಗುತ್ತಿದ್ದುದನ್ನು ಕಂಡು ಸುರೇಂದ್ರ ಪಟೇಲರು ಅವನ್ನು ಕೊಂಡು ಸಂಗ್ರಹಿಸತೊಡಗಿದರು. ಕಲಾವಿದ್ವಾಂಸ ಜ್ಯೋತೀಂದ್ರ ಜೈನ್ ಅವರ ನೆರವಿನಿಂದ ಆ ಸಂಗ್ರಹವು ಕ್ರಮಬದ್ಧ ರೂಪ ಪಡೆಯಿತು. ನೀರಿನ ಹಂಡೆಗಳು, ಬಿಂದಿಗೆಗಳು, ಬೋಗುಣಿಗಳು, ಅಡಕತ್ತರಿಗಳು ಸೇರಿ 4,000ಕ್ಕೂ ಹೆಚ್ಚು ವಸ್ತುಗಳು ಅಲ್ಲಿವೆ. ಊಟಕ್ಕೆಂದು ಬಂದವನು ಊಟದ ಉಪಕರಣಗಳ ಚರಿತ್ರೆಯ ಮುಂದೆ ನಿಲ್ಲುವಂತೆ ಮಾಡಿದ್ದು, ಮನರಂಜನೆಯನ್ನು ಸ್ಮೃತಿಯ ರಕ್ಷಣೆಗೆ ಜೋಡಿಸಿದ ಅಪೂರ್ವ ಕಾರ್ಯ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಿಹಾಕಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಪಾರಂಪರಿಕ ಗ್ರಾಮದ ಹಿಂದೆಯೂ ಇದೇ ಕಳವಳ, ಇದೇ ಶ್ರದ್ಧೆ ಇದ್ದವು.

ಮುಂದಿನ ದಶಕಗಳಲ್ಲಿ ಈ ಮಾದರಿ ಹಲವು ರೂಪಗಳಲ್ಲಿ ಹರಡಿತು. 1980ರ ದಶಕದ ಕೊನೆಗೆ ಜೈಪುರದ ಹೊರವಲಯದಲ್ಲಿ ಆರಂಭವಾದ ಚೋಖಿ ಢಾಣಿ, ರಾಜಸ್ಥಾನದ ಹಳ್ಳಿಯ ಸೊಗಡನ್ನು ಮೇಳ, ಊಟ, ವಸತಿಗಳಿರುವ ಪೂರ್ಣ ರೆಸಾರ್ಟನ್ನಾಗಿ ಬೆಳೆಸಿತು. ಅಹಮದಾಬಾದಿನಲ್ಲಿ, ಸಿದಿ ಸಯ್ಯದ್ ಮಸೀದಿಯ ಎದುರಿನ ಮಿಲ್ ಮಾಲೀಕ ಮಂಗಳದಾಸ್ ಗಿರಿಧರದಾಸರ 1924ರ ಮಹಲು ಪಾರಂಪರಿಕ ಹೋಟೆಲಾಗಿ ಮಾರ್ಪಟ್ಟು, ಅದರ ಮಾಳಿಗೆಯ ಅಗಾಶಿಯೆ ಎಂಬ ಭೋಜನಶಾಲೆ ಗುಜರಾತಿ ತಾಟಿನ ಊಟವನ್ನು ಹೊಸ ಶ್ರೀಮಂತಿಕೆಯಿಂದ ಬಡಿಸಿತು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ರೂಪಿಸಿದ ಜಾನಪದ ಲೋಕದ ಮಗ್ಗುಲಲ್ಲೇ ಕಾಮತ್ ಲೋಕರುಚಿ ಜೋಳದ ರೊಟ್ಟಿಯೂಟವನ್ನು ಮೈಸೂರು ದಾರಿಯ ಪ್ರಯಾಣಿಕರಿಗೆ ಉಣಿಸುತ್ತದೆ; ವಸ್ತುಸಂಗ್ರಹ ಮತ್ತು ಪಂಕ್ತಿ ಒಂದಕ್ಕೊಂದು ಆಸರೆಯಾಗುವ ನಂಟು ಅಲ್ಲಿಯೂ ಕಾಣುತ್ತದೆ.

ಈ ಬೆಳವಣಿಗೆಯನ್ನು ಮೆಚ್ಚುವಾಗ ಅದು ಮರೆಮಾಡುವುದನ್ನೂ ಹೇಳಬೇಕು. ಭೋಜನತಾಣದ ಹಳ್ಳಿಯಲ್ಲಿ ಬರಗಾಲವಿಲ್ಲ, ಬೇರೆ ಕೇರಿಯಿಲ್ಲ, ಪಂಕ್ತಿಭೇದವಿಲ್ಲ. ಬೆಳಗಿನ ಜಾವ ಎದ್ದು ಬೀಸುಕಲ್ಲು ತಿರುಗಿಸುವ ಹೆಣ್ಣಿನ ದಣಿವೂ ಇಲ್ಲ. ನಿಜವಾದ ಹಳ್ಳಿಗಳಿಂದ ಹೊರಟ ಜನ ಸೇರುವ ಜಾಗಗಳು ಬೇರೆಯೇ ಇವೆ. ಸೂರತ್ತಿನ ಉಧನಾ ಮತ್ತು ಸಚಿನ್‌ಗಳ ನಡುವಿನ ಪಾಂಡೇಸರಾ ಕೈಗಾರಿಕಾ ವಸಾಹತಿನಲ್ಲಿ, ಕರ್ನಾಟಕದ ಸಂತೆಗಳವರೆಗೂ ಬರುವ ಸೂರತ್ ಸೀರೆಗಳಿಗೆ ಬಣ್ಣ ಹಾಕುವ, ಅಚ್ಚು ಒತ್ತುವ ಗಿರಣಿಗಳಿವೆ. ಒಡಿಶಾ, ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಕಾರ್ಮಿಕರು ಈ ನಗರದಲ್ಲಿ ಹನ್ನೆರಡು ಗಂಟೆಗಳ ಪಾಳಿ ಮುಗಿಸಿ ಇಕ್ಕಟ್ಟಾದ ಮೆಸ್ಸುಗಳಲ್ಲಿ ಸರದಿಯ ಮೇಲೆ ಉಂಡು, ಸರದಿಯ ಮೇಲೆ ಮಲಗುತ್ತಾರೆ. ಬಟ್ಟೆ ಮತ್ತು ವಜ್ರದ ದುಡಿಮೆಯಿಂದ ಹುಟ್ಟಿದ ಸಂಪತ್ತೇ ವಾರಾಂತ್ಯದ ರೆಸಾರ್ಟುಗಳ ಪಂಕ್ತಿಗಳನ್ನು ತುಂಬುತ್ತದೆ. ಓವಿಂಗ್‌ಟನ್ನನ ಕಾಲದಲ್ಲಿ ಸೂರತ್ತಿನ ನೇಕಾರರ ಬಟ್ಟೆಯಿಂದ ಬಂದ ಲಾಭ ಫ್ಯಾಕ್ಟರಿಯ ಬೆಳ್ಳಿಯ ತಟ್ಟೆಗಳಾದಂತೆ, ಇಂದೂ ಮೇಜಿನ ಸೊಬಗಿಗೂ ಮಗ್ಗದ ಬೆವರಿಗೂ ಇರುವ ಸಂಬಂಧ ಮುರಿದಿಲ್ಲ.

ಹೀಗಾಗಿ ವಿಹಾರತಾಣದ ಭೋಜನಶಾಲೆಗಳನ್ನು ಅವುಗಳ ವೈಭವದಿಂದಷ್ಟೇ ಅಳೆಯುವುದು ಸಾಲದು. ಕಾಂಕರಿಯಾದಿಂದ ವಿಶಾಲಾದವರೆಗಿನ ಹಾದಿಯಲ್ಲಿ ಅರಸನ ಪಂಕ್ತಿಯು ವರ್ತಕನ ಪಂಕ್ತಿಯಾಗಿ, ಅನಂತರ ಹಣ ತೆತ್ತು ಬರುವ ಯಾವ ಜಾತಿಯವನಿಗೂ ತೆರೆದ ಪಂಕ್ತಿಯಾಗಿ ಹಿಗ್ಗಿದೆ; ಇದು ಸಣ್ಣ ಸಾಧನೆಯಲ್ಲ, ಇದನ್ನು ಕಾಪಾಡಿಕೊಳ್ಳಲೇಬೇಕು. ಜೊತೆಗೆ, ದೂರದ ದೇಶದ ರುಚಿಯನ್ನು ತರಿಸುವುದರಲ್ಲಿ ಮಾತ್ರ ಘನತೆಯಿದೆ ಎಂಬ ನಂಬಿಕೆಯನ್ನು ಸಜ್ಜೆಯ ರೊಟ್ಟಿಯೊಂದು ಅಲುಗಿಸಿದೆ. ಉಳಿದಿರುವ ಕೆಲಸವೆಂದರೆ ಬಡಿಸುವವರ ಕಡೆಗೆ ಆ ಹಿಗ್ಗುವಿಕೆಯನ್ನು ಒಯ್ಯುವುದು. ಯಾವ ಕುಂಬಾರನ ಲೋಟದಲ್ಲಿ ನೀರು ಕುಡಿಯಲಾಗುತ್ತದೆಯೋ ಅವನ ಕಸುಬು ವರ್ಷವಿಡೀ ನಡೆಯುವಷ್ಟು ಬೇಡಿಕೆ, ಯಾವ ಒಕ್ಕಲಿನ ಧಾನ್ಯ ಬೇಯುತ್ತದೆಯೋ ಅವನಿಗೆ ನ್ಯಾಯವಾದ ಬೆಲೆ, ಯಾವ ಅಡುಗೆಯವರ ಕೈ ರುಚಿ ಕೊಡುತ್ತದೆಯೋ ಅವರಿಗೆ ಹೆಸರು ಮತ್ತು ತಕ್ಕ ಸಂಬಳ, ಇವನ್ನು ಕೊಡಬಲ್ಲ ವಿಹಾರತಾಣವು ತಾನು ಪ್ರದರ್ಶಿಸುವ ಹಳ್ಳಿಗೆ ನಿಷ್ಠವಾಗಿರುತ್ತದೆ. ಇದಕ್ಕೆ ಬೇಕಾದ ಸಂಪತ್ತು ಗುಜರಾತಿನ ನಗರಗಳಲ್ಲಿ ಧಾರಾಳವಾಗಿದೆ. ಪರಂಪರೆಯ ತಿಳಿವಳಿಕೆಯೂ ಇದೆ. ಅವೆರಡನ್ನೂ ದುಡಿಯುವ ಕೈಗಳ ಹಿತಕ್ಕೆ ಜೋಡಿಸುವ ಸಂಸ್ಥೆಗಳು ಬೆಳೆದಾಗಲೇ ಉದ್ಯಾನದ ಪಂಕ್ತಿಯ ದೀರ್ಘ ಇತಿಹಾಸಕ್ಕೆ ಅದು ಈವರೆಗೆ ಕಾಣದ ಪೂರ್ಣತೆ ಬರುತ್ತದೆ.